ಮೊದಲು ಎಣಿಕೆ, ಆಮೇಲೆ ಬೆಳಕು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಆ ಮನೆಗೆ ದೀಪದ ಸರ ಕಟ್ಟಿ ನೋಡುವುದೂ ಸಣ್ಣ ಕೆಲಸವಲ್ಲ.

ದೀಪಾವಳಿ ಬಂತೆಂದರೆ ನಮ್ಮ ಜತ್ತ ತಾಲೂಕಿನಲ್ಲಿಯೂ ಬಾಗಿಲ ಮುಂದೆ ಆಕಾಶಬುಟ್ಟಿ ತೂಗುತ್ತದೆ, ಮಾಳಿಗೆಯ ಅಂಚಿಗೆ ವಿದ್ಯುದ್ದೀಪಗಳ ಸರ ಏರುತ್ತದೆ. ಈ ಸರಗಳಲ್ಲಿ ಒಂದು ಹೊಸ ಜಾತಿಯಿದೆ. ಅದರ ಪ್ರತಿ ದೀಪದಲ್ಲಿಯೂ ಒಂದು ಚಿಪ್ ಇರುವುದರಿಂದ ಒಂದೊಂದು ದೀಪಕ್ಕೂ ಬೇರೆ ಬೇರೆ ಬಣ್ಣ ಕೊಡಬಹುದು. ಹಾಡಿನ ತಾಳಕ್ಕೆ ಯಾವ ದೀಪ ಯಾವಾಗ ಬೆಳಗಬೇಕೆಂದು ಕಂಪ್ಯೂಟರಿನಲ್ಲಿ ಬರೆದಿಡುವ ಸಾಫ್ಟ್‌ವೇರ್‌ಗಳಿವೆ. ಎಕ್ಸ್‌ಲೈಟ್ಸ್ ಎಂಬುದು ಅಂಥದೊಂದು. ಅದು ಉಚಿತವಾಗಿ ದೊರೆಯುತ್ತದೆ. ಅಮೆರಿಕದಲ್ಲಿ ಕ್ರಿಸ್‌ಮಸ್ ಹಬ್ಬಕ್ಕೆ ಮನೆ ಸಿಂಗರಿಸುವ ಹವ್ಯಾಸಿಗಳು ಇದನ್ನು ಬಳಸುತ್ತಾರೆ.

“ಇದು ಹುಡುಗಾಟ, ಅಭ್ಯಾಸಕ್ಕೆ ಕೇಡು” ಎಂದು ಪಾಲಕರು ಹೇಳಬಹುದು. ನನ್ನ ಅಭಿಪ್ರಾಯ ಬೇರೆ. ಸರಿಯಾಗಿ ಮಾಡಿದರೆ ಇದು ಗಣಿತದ ಒಳ್ಳೆಯ ಪಾಠ.

ಹೇಗೆಂದರೆ, ಇಲ್ಲಿ ಮೊದಲ ಕೆಲಸ ಬಣ್ಣ ಹಚ್ಚುವುದಲ್ಲ. ಮನೆಯ ಭಾವಚಿತ್ರವನ್ನು ಪರದೆಯ ಮೇಲಿಟ್ಟು, ಅದರ ಮೇಲೆ ಸರದ ನಕ್ಷೆ ಬರೆಯಬೇಕು. ಇದಕ್ಕೆ ಮಾಡೆಲ್ ಎನ್ನುತ್ತಾರೆ. ಸರ ಯಾವ ಮೂಲೆಯಿಂದ ಆರಂಭ? ಎಲ್ಲಿ ತಿರುಗುತ್ತದೆ? ಒಟ್ಟು ದೀಪಗಳೆಷ್ಟು? ಒಂದು ದೀಪಕ್ಕೆ ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆ. ಪ್ರತಿಯೊಂದೂ 0ಯಿಂದ 255ರವರೆಗೆ. 50 ದೀಪಗಳಿಗೆ 150 ಸಂಖ್ಯೆಗಳಾದವು.

ಪಂಕ್ತಿಯಲ್ಲಿ ಕುಳಿತವರು ರೊಟ್ಟಿಯ ಬುಟ್ಟಿಯಿಂದ ತಮ್ಮದನ್ನು ತೆಗೆದುಕೊಂಡು ಉಳಿದದ್ದನ್ನು ಪಕ್ಕದವರಿಗೆ ದಾಟಿಸುವಂತೆ, ಪ್ರತಿ ದೀಪವೂ ತನ್ನ ಮೂರು ಸಂಖ್ಯೆಗಳನ್ನು ಇಟ್ಟುಕೊಂಡು ಉಳಿದವನ್ನು ಮುಂದೆ ಕಳಿಸುತ್ತದೆ. ಮಾಳಿಗೆಯ ಸರದಲ್ಲಿ 48 ದೀಪಗಳಿದ್ದು ನಾವು 50 ಎಂದು ಬರೆದೆವೆನ್ನಿ. ಅದರ ತುದಿಗೆ ಜೋಡಿಸಿದ ಬಾಗಿಲ ಸರದ ಮೊದಲ ಎರಡು ದೀಪಗಳು ಮಾಳಿಗೆಯ ಪಾಲನ್ನು ಪಡೆಯುತ್ತವೆ. ಅಲ್ಲಿಂದ ಮುಂದೆ ಎಲ್ಲವೂ ಎರಡೆರಡು ಸ್ಥಾನ ತಪ್ಪುತ್ತವೆ. ಎಡದಿಂದ ಕಟ್ಟಿದ ಸರವನ್ನು ಬಲದಿಂದ ಎಂದು ಬರೆದರೆ ಬೆಳಕು ಹಿಂದುಮುಂದಾಗಿ ಓಡುತ್ತದೆ. ವಿಚಿತ್ರವೆಂದರೆ, ಪರದೆಯ ಮೇಲೆ ಮಾತ್ರ ಎಲ್ಲವೂ ಸರಿಯಾಗಿಯೇ ಕಾಣುತ್ತದೆ!

ವಿದ್ಯಾರ್ಥಿ ಮಿತ್ರರೇ, ನಾನು ಹೇಳಬೇಕೆಂದಿರುವುದು ಇದನ್ನೇ. ಯಂತ್ರ ನಮ್ಮ ಮನೆಯನ್ನು ನೋಡಿಲ್ಲ. ನಾವು ಹೇಳಿದ್ದನ್ನು ನಂಬುತ್ತದೆ. ಪರದೆಯನ್ನು ನಂಬಿ ಗೋಡೆಯನ್ನು ಮರೆಯುವ ಅಭ್ಯಾಸ ಇಂದು ಎಲ್ಲೆಡೆ ಬೆಳೆಯುತ್ತಿದೆ. ಅದಕ್ಕೆ ಮದ್ದು, ಅಂಗಳಕ್ಕೆ ಹೋಗಿ ಕೈಯಾರೆ ಎಣಿಸುವುದು.

ಇದಕ್ಕೆ ಖರ್ಚು ಬೇಕೆಂದು ಯಾರೂ ಅಂಜಬೇಕಾಗಿಲ್ಲ. ಒಂದು ಆಲೇಖ ಕಾಗದ, ಸಮ ಅಂತರದಲ್ಲಿ ಗಂಟು ಹಾಕಿದ ಒಂದು ಹುರಿ ಸಾಕು. ನಿಮ್ಮ ಮನೆಯ ಮುಂಭಾಗವನ್ನು ಅಳೆದು ಪ್ರಮಾಣಕ್ಕೆ ತಕ್ಕಂತೆ ಬರೆಯಿರಿ. ಪ್ರತಿ ಗಂಟಿಗೂ ಒಂದು ಅಂಕಿ ಕೊಡಿರಿ. ನಿಜವಾದ ಸರ ಕಟ್ಟುವಾಗ ಹಿರಿಯರು ಜೊತೆಗಿರಲಿ, ವಿದ್ಯುತ್ ಬಂದ್ ಇರಲಿ.

ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ: ಬರುವ ದೀಪಾವಳಿಗೆ ಮಗು ದೀಪದ ಸರ ಕೇಳಿದರೆ ಬೈಯಬೇಡಿರಿ. “ಮೊದಲು ನಕ್ಷೆ ತೋರಿಸು” ಎನ್ನಿರಿ. ಆ ನಕ್ಷೆಯನ್ನು ಹಿಡಿದು ಅದರೊಡನೆ ನೀವೂ ಅಂಗಳಕ್ಕೆ ಬಂದು ಒಮ್ಮೆ ಎಣಿಸಿರಿ.