ಬಾವುಟವಿಲ್ಲದ ಮನವಿ

ಕಳೆದ ಆಡಳಿತ ಮಂಡಳಿ ಸಭೆಯಲ್ಲಿ, ಅಡಿಕೆ ಆಮದಿನ ಬಗ್ಗೆ ದೆಹಲಿಗೆ ಕಳಿಸಬೇಕಾದ ಮನವಿಯ ವಿಚಾರ ಬಂತು. ಹಿರಿಯ ಸದಸ್ಯರೊಬ್ಬರು, "ಯಾವುದಾದರೂ ಪಕ್ಷದವರನ್ನು ಮುಂದೆ ಮಾಡಿಕೊಂಡು ಹೋಗದಿದ್ದರೆ ನಮ್ಮ ಕಾಗದ ಅಲ್ಲಿ ಯಾರು ಓದ್ತಾರೆ ಸ್ವಾಮಿ?" ಎಂದರು. ಅವರ ಮಾತು ಪೂರ್ತಿ ಸುಳ್ಳಲ್ಲ. ಆದರೂ ನಾವು ಒಪ್ಪಲಿಲ್ಲ. ಕಾರಣವನ್ನು ಸದಸ್ಯ ಬಾಂಧವರ ಮುಂದಿಡುವುದು ನಮ್ಮ ಕರ್ತವ್ಯ.

1999ರಲ್ಲಿ ಅಹಮದಾಬಾದಿನ ಐಐಎಂನ ಕೆಲವು ಅಧ್ಯಾಪಕರು ಸೇರಿ 'ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್' ಎಂಬ ಸಂಸ್ಥೆ ಕಟ್ಟಿದರು. ಅವರಲ್ಲೊಬ್ಬರಾದ ತ್ರಿಲೋಚನ ಶಾಸ್ತ್ರಿಯವರು ಮುಂದೆ ನಮ್ಮ ಬೆಂಗಳೂರಿನ ಐಐಎಂಗೇ ಬಂದರು. ಸಂಸ್ಥೆಗೆ ಪಕ್ಷವಿಲ್ಲ, ಚುನಾವಣೆಗೆ ನಿಲ್ಲುವುದೂ ಇಲ್ಲ. ಅಭ್ಯರ್ಥಿಯ ಮೇಲಿನ ಕ್ರಿಮಿನಲ್ ಮೊಕದ್ದಮೆ, ಆಸ್ತಿ, ಸಾಲ, ವಿದ್ಯಾಭ್ಯಾಸ ಮತದಾರನಿಗೆ ತಿಳಿಯಬೇಕೆಂದು ಅವರು ನ್ಯಾಯಾಲಯಕ್ಕೆ ಹೋದರು. 2002ರ ಮೇ 2ರಂದು ಸುಪ್ರೀಂ ಕೋರ್ಟು ಒಪ್ಪಿತು. ದಿನ ಬೆಳಗಾದರೆ ಕಚ್ಚಾಡುವ ಪಕ್ಷಗಳು ಇದನ್ನು ತಡೆಯಲು ಮಾತ್ರ ಒಂದಾದವು! ಸುಗ್ರೀವಾಜ್ಞೆ ಬಂತು, ಕಾಯಿದೆಗೆ ತಿದ್ದುಪಡಿಯೂ ಆಯಿತು. 2003ರ ಮಾರ್ಚ್ 13ರಂದು ಕೋರ್ಟು ಅದನ್ನೂ ತಳ್ಳಿಹಾಕಿತು. 2024ರ ಫೆಬ್ರವರಿ 15ರಂದು ಚುನಾವಣಾ ಬಾಂಡ್ ಯೋಜನೆ ರದ್ದಾದಾಗಲೂ ಅರ್ಜಿದಾರರಲ್ಲಿ ಇವರಿದ್ದರು.

ಇದರಿಂದ ಎಲ್ಲ ಸರಿಹೋಯಿತೇ? ಇಲ್ಲ. ಮೊಕದ್ದಮೆ ಇರುವವರು ಈಗಲೂ ಗೆಲ್ಲುತ್ತಾರೆ. ಬೆಳೆಸಾಲಕ್ಕೆ ಬಂದವರಿಂದ ಪಹಣಿ, ಬೇಬಾಕಿ ಪತ್ರ ಕೇಳುವ ನಾವೇ 2023ರ ವಿಧಾನಸಭಾ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯ ಪ್ರಮಾಣಪತ್ರವನ್ನೂ ತೆರೆದು ನೋಡಲಿಲ್ಲ. ನಾಚಿಕೆಯಿಂದಲೇ ಬರೆಯುತ್ತಿದ್ದೇವೆ.

ನಮ್ಮ ಮನವಿಯ ವಿಷಯಕ್ಕೆ ಬರೋಣ. 2023ರ ಫೆಬ್ರವರಿಯಲ್ಲಿ ಕೇಂದ್ರವು ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಕಳ್ಳದಾರಿಯಲ್ಲಿ ಬರುವ ಮಾಲಿಗೆ ಈ ಬೆಲೆಯ ಹಂಗಿಲ್ಲ ಎಂಬುದೇ ನಮ್ಮ ದೂರು. ಸಂಘದಲ್ಲಿ ಮೂರೂ ಪಕ್ಷದವರಿದ್ದಾರೆ. ಕಿರಂಗೂರು ಬನ್ನಿಮಂಟಪದಲ್ಲಿ ದಸರಾ ಹೊರಡುವ ದಿನ ಎಲ್ಲರೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಒಬ್ಬರ ಬಾವುಟ ಹಿಡಿದರೆ ಉಳಿದಿಬ್ಬರು ಸಹಿ ಹಾಕುವುದಿಲ್ಲ. ಹಿಡಿದ ಬಾವುಟದವರು ಸೋತರೆ ನಮ್ಮ ಕಾಗದವೂ ಕಡತದ ತಳ ಸೇರುತ್ತದೆ.

ಮನವಿಯ ಕರಡು ಕಚೇರಿಯಲ್ಲಿದೆ. ಪ್ರತಿಯನ್ನು ಎಲ್ಲ ಪಕ್ಷಗಳಿಗೂ ಕಳಿಸುತ್ತೇವೆ. ಸಹಿ ಹಾಕಲು ಬರುವವರು ಮೂರು ವರ್ಷದ ಅಡಿಕೆ ಮಾರಾಟದ ರಸೀದಿಗಳನ್ನು ತರಬೇಕು. ಭಾಷಣಕ್ಕಿಂತ ಅವೇ ಅಲ್ಲಿ ಬೇಕಾಗುವುದು.

— ಕಾರ್ಯದರ್ಶಿ