ಚಿತ್ರ ಉಳಿಯಿತು, ದನಿ ಹೋಯಿತು

ಕಳೆದ ರಾಜ್ಯೋತ್ಸವದಲ್ಲಿ ನಮ್ಮ ಸಂಘದ ಹಿರಿಯರೊಬ್ಬರು ಗಮಕ ವಾಚನ ಮಾಡಿದ್ದು ವಾಚಕರಿಗೆ ನೆನಪಿರಬಹುದು. ನಾಲ್ಕು ತಿಂಗಳಲ್ಲಿ ಅವರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಅಂದಿನ ವಿಡಿಯೋ ಹಾಕಿಸಿದೆವು. ಚಿತ್ರ ಬಲು ಸ್ವಚ್ಛ. ಶಾಲಿನ ಜರಿ ಎಳೆ ಎಳೆಯಾಗಿ ಕಾಣುತ್ತಿತ್ತು. ಕೇಳಿಬಂದದ್ದು ಮಾತ್ರ ಫ್ಯಾನಿನ ಗುಂಯ್‌ಗುಡುವಿಕೆ, ಹಿಂದಿನ ಸಾಲಿನ ಹರಟೆ, ತಟ್ಟೆಗಳ ಸದ್ದು. "ಅಜ್ಜ ಏನು ಹೇಳ್ತಿದಾರೆ?" ಎಂದು ಅವರ ಮೊಮ್ಮಗಳು ಕೇಳಿದಾಗ ಸಮಿತಿಯವರಾದ ನಾವು ತಲೆ ತಗ್ಗಿಸಿದೆವು.

ತಪ್ಪು ಕ್ಯಾಮೆರಾದ್ದಲ್ಲ, ನಮ್ಮದು. ಅದನ್ನು ಸಭಾಂಗಣದ ಕೊನೆಯ ಗೋಡೆಗೆ ನಿಲ್ಲಿಸಿ, ಅದರೊಳಗಿನ ಮೈಕನ್ನೇ ನಂಬಿದೆವು. ಬಿ.ಎಸ್ಸಿ.ಯಲ್ಲಿ ಓದಿ ಮರೆತ ಪಾಠ ಈಗ ನೆನಪಾಗುತ್ತಿದೆ: ದೂರ ಹತ್ತು ಪಟ್ಟಾದರೆ ನೇರ ಬರುವ ದನಿ 20 ಡೆಸಿಬೆಲ್ ಕುಗ್ಗುತ್ತದೆ, ಫ್ಯಾನಿನ ಸದ್ದು ಕುಗ್ಗುವುದಿಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುವುದರಿಂದ, 20 ಮೀಟರ್ ಆಚೆ ಹಿಡಿದ ಮಾತು ತುಟಿಗಿಂತ ಒಂದೂವರೆ ಫ್ರೇಮಿನಷ್ಟು ಹಿಂದೆ ಬೀಳುತ್ತದೆ. ವೇದಿಕೆಯ ಹೂವಿಗೆ ಸುರಿದ ಹಣದಲ್ಲಿ ಒಂದು ಕಾಲರ್ ಮೈಕ್ ಬರುತ್ತಿತ್ತು.

ಇದನ್ನು ಕಂಡೇ ಕೆಲವು ಯುವಕರು, ಭಾನುವಾರ ಧ್ವನಿಗ್ರಹಣ ಮತ್ತು ಡಬ್ಬಿಂಗ್ ಕಲಿಸುವ ತರಗತಿ ನಡೆಸೋಣವೆಂದು ಸೂಚಿಸಿದರು. ಸಮಿತಿ ತಳ್ಳಿಹಾಕಿತು. ಮುಂದಿಟ್ಟ ಎರಡು ಆಕ್ಷೇಪಗಳನ್ನೂ ನಾವು ಇಲ್ಲಿ ಬಹಿರಂಗವಾಗಿ ಪ್ರಶ್ನಿಸುತ್ತೇವೆ.

ಮೊದಲನೆಯದು, ಡಬ್ಬಿಂಗ್ ಎಂದರೆ ಕನ್ನಡಕ್ಕೆ ದ್ರೋಹ ಎಂಬುದು. 1960ರ ದಶಕದ ಚಳವಳಿ ಕನ್ನಡ ಕಲಾವಿದರ ಅನ್ನ ಉಳಿಸಲು ನಡೆದದ್ದು. ಅದಕ್ಕೆ ನಾವು ಕೈ ಮುಗಿಯುತ್ತೇವೆ. ಆದರೆ ಇನ್ನೊಂದು ಭಾಷೆಗೆ ಡಬ್ ಆದ ಭಾರತದ ಮೊದಲ ಚಿತ್ರವೆಂದು ಹೆಸರಾದದ್ದು ಕನ್ನಡದ್ದೇ: 1943ರ 'ಸತ್ಯ ಹರಿಶ್ಚಂದ್ರ' ಮರುವರ್ಷ ತಮಿಳು ಮಾತಾಡಿತು. ಡಬ್ಬಿಂಗ್ ತಡೆ ಸ್ಪರ್ಧಾ ಕಾಯಿದೆಗೆ ವಿರುದ್ಧವೆಂದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹೇಳಿತು. 2018ರಲ್ಲಿ 'ಕೆಜಿಎಫ್' ಹಿಂದಿಯಲ್ಲಿ ಓಡಿದಾಗ ಇದೇ ಹಿರಿಯರು ಪೇಢೆ ಹಂಚಿದರು. ನಮ್ಮ ಮಾತು ಹೊರಗೆ ಹೋದರೆ ಹೆಮ್ಮೆ, ಹೊರಗಿನದು ಕನ್ನಡದಲ್ಲಿ ಬಂದರೆ ದ್ರೋಹ, ಇದು ಯಾವ ನ್ಯಾಯ? ನಮ್ಮ ಮಕ್ಕಳು ಕಾರ್ಟೂನನ್ನು ಹೇಗೂ ನೋಡುತ್ತಾರೆ, ಹಿಂದಿಯಲ್ಲಿ ನೋಡುತ್ತಾರೆ. ಅಲ್ಲಿ ಸೋಲುತ್ತಿರುವುದು ಯಾವ ಭಾಷೆ?

ಎರಡನೆಯದು, ಇದು ಮೆಕ್ಯಾನಿಕ್ ಕೆಲಸ, ಸಾಹಿತ್ಯ ಸಂಘಕ್ಕೆ ಸಲ್ಲದು ಎಂಬುದು. ಹಾಗೆಂದವರು ಒಂದು ದೃಶ್ಯಕ್ಕೆ ಮಾತು ಕೂಡಿಸಿ ನೋಡಲಿ. ಪಾತ್ರಧಾರಿ ಹಿಂದಿಯಲ್ಲಿ 'ಮಾಫ್ ಕರೋ' ಅನ್ನುತ್ತಾನೆ. 'ಮ'ಕಾರಕ್ಕೆ ತುಟಿ ಮುಚ್ಚಲೇಬೇಕು. 'ಕ್ಷಮಿಸು' ಎಂದರೆ ಬಾಯಿ ತೆರೆದೇ ಮೊದಲಾಗುತ್ತದೆ, ಹೊಂದದು. 'ಮನ್ನಿಸು' ಎಂದರೆ ಕೂಡುತ್ತದೆ. ಪ, ಬ, ಮ ಎಲ್ಲಿ ಬರುತ್ತವೆಂದು ಹುಡುಕಿ ಅಳತೆಗೆ ತಕ್ಕ ಪದ ಆರಿಸುವ ಹುಡುಗ ಒಂದು ಮಧ್ಯಾಹ್ನದಲ್ಲಿ ಕಲಿಯುವಷ್ಟು ಕನ್ನಡವನ್ನು ನಮ್ಮ ಭಾಷಣಗಳು ಒಂದು ವರ್ಷದಲ್ಲೂ ಕಲಿಸವು. ಮಾತು ಕೂಡಿಸಿದರೂ ಮುಗಿಯದು. ಹೆಜ್ಜೆ ಸಪ್ಪಳ, ಬಾಗಿಲ ಕಿರುಗುಟ್ಟುವಿಕೆ, ಕೋಣೆಯ ಮೌನ ಕೂಡ ಬೇರೆ ಬೇರೆ ಹಿಡಿದು ಹದವಾಗಿ ಬೆರೆಸಬೇಕು. ಇದನ್ನು ವಿದ್ಯೆಯೆಂದೇ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಕಲಿಸುತ್ತದೆ. ಅಲ್ಲಿ ಕಲಿತ ರಸೂಲ್ ಪೂಕುಟ್ಟಿ 2009ರಲ್ಲಿ ಆಸ್ಕರ್ ಪಡೆದರು.

ನಾವು ಬೇಡುವುದು ಸ್ಟುಡಿಯೋ ಅಲ್ಲ. ಒಂದು ಮೈಕ್, ಒಂದು ಹೆಡ್‌ಫೋನ್, ಯಾರದಾದರೂ ಹಳೆಯ ಕಂಪ್ಯೂಟರ್ ಸಾಕು. ಆಡಾಸಿಟಿಯಂಥ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಪ್ರತಿಧ್ವನಿ ತಡೆಯಲು ಗೋಡೆಗೆ ಎರಡು ರಜಾಯಿ ಕಟ್ಟಿದರೆ ಬಹುಪಾಲು ಕೆಲಸವಾದಂತೆ. ಮೊದಲ ಪಾಠಕ್ಕೆ ಹುಡುಗರು ಮನೆಯ ಅಜ್ಜಿಯನ್ನು ಕೂರಿಸಿ, ಫ್ಯಾನ್ ಆರಿಸಿ, ಗೇಣು ದೂರದಲ್ಲಿ ಮೈಕ್ ಇಟ್ಟು ಒಂದು ಕಥೆ ಹೇಳಿಸಿಕೊಳ್ಳಲಿ.

ಬರುವ ಸರ್ವಸದಸ್ಯರ ಸಭೆಯಲ್ಲಿ ಈ ಠರಾವನ್ನು ನಾವು ಮತ್ತೆ ಮಂಡಿಸುವವರಿದ್ದೇವೆ. ವಿರೋಧಿಸುವವರು ಧಾರಾಳವಾಗಿ ವಿರೋಧಿಸಲಿ. ಆದರೆ ಅದಕ್ಕೆ ಮೊದಲು ಆ ಮೊಮ್ಮಗಳ ಪ್ರಶ್ನೆಗೆ ಉತ್ತರ ಹೇಳಲಿ.