ಇ-ಮೇಲ್‌ಗೂ ಬೇಕು ಜಾವಕ ವಹಿ

ಹಿಂದೆ ಪ್ರತಿಯೊಂದು ಪೇಢಿಯಲ್ಲೂ ಕಾರ್ಖಾನೆಯಲ್ಲೂ ಆವಕ-ಜಾವಕ ವಹಿ ಇರುತ್ತಿತ್ತು. ಯಾವ ಪತ್ರ, ಯಾವ ದಿನ, ಯಾರಿಗೆ ಹೋಯಿತೆಂಬುದಕ್ಕೆ ಅದೇ ಆಧಾರ. ಇಂದು ಖರೀದಿ ಆದೇಶ, ಇನ್‌ವಾಯ್ಸ್, ತಕರಾರು ಇವೆಲ್ಲ ಇ-ಮೇಲ್ ಮೂಲಕವೇ ಸಾಗುತ್ತಿವೆ. ಆ ವಹಿಯನ್ನು ಈಗ ಮೇಲ್ ಸರ್ವರ್ ತಾನಾಗಿಯೇ ಬರೆಯುತ್ತದೆ; ಅದನ್ನು ಕಾಯ್ದಿಡುವವರು ಮಾತ್ರ ವಿರಳ.

ನನ್ನ ಕಕ್ಷಿದಾರರಾದ ತಯಾರಕರೊಬ್ಬರು ಸಣ್ಣ ಘಟಕವೊಂದರಿಂದ ಎರಕದ ಬಿಡಿಭಾಗಗಳನ್ನು ತರಿಸಿದ್ದರು. ದೋಷ ಕಂಡುಬಂದು, ಸರಕು ತಲುಪಿದ ಹತ್ತನೆಯ ದಿನ ಇ-ಮೇಲ್ ಮೂಲಕ ಆಕ್ಷೇಪಣೆ ಸಲ್ಲಿಸಿದರು. ಮಾರಾಟಗಾರರು ‘ಅಂತಹ ಪತ್ರವೇ ಬಂದಿಲ್ಲ’ವೆಂದು ಹಲವು ತಿಂಗಳ ಬಳಿಕ ಬಡ್ಡಿಸಹಿತ ಹಣ ಕೇಳಿದರು. 2006ರ ಎಂಎಸ್‌ಎಂಇಡಿ ಕಾಯಿದೆಯಂತೆ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಬಾರದಿದ್ದರೆ, ಸರಕು ತಲುಪಿದ ದಿನವೇ ಸ್ವೀಕೃತವಾಯಿತೆಂದು ಭಾವಿಸಲಾಗುತ್ತದೆ. ಪಾವತಿಯ ಅವಧಿ ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಅದೂ ತಿಂಗಳಿಗೊಮ್ಮೆ ಕೂಡಿಸುವ ಚಕ್ರಬಡ್ಡಿ. ಕಕ್ಷಿದಾರರಲ್ಲಿ ಇದ್ದದ್ದು ಕಳುಹಿಸಿದ ಪತ್ರದ ಪ್ರತಿ ಮಾತ್ರ. ಸರ್ವರಿನ ಲಾಗ್ ಅಳಿಸಿಹೋಗಿತ್ತು. ಕೊನೆಗೆ ರಾಜಿಯಾಗಿ ಹಣ ತೆರಬೇಕಾಯಿತು.

ಆ ಪ್ರತಿ ಏಕೆ ಸಾಲದು? ಪತ್ರವು ನಮ್ಮ ಕಂಪ್ಯೂಟರಿನಿಂದ ನಮ್ಮದೇ ಸರ್ವರಿಗೆ ಹೋದರೂ ಅದು ಉಳಿಯುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 13ನೇ ಕಲಮಿನಂತೆ, ಉಭಯತರು ಬೇರೆ ರೀತಿ ಒಪ್ಪಿಕೊಂಡಿರದಿದ್ದಲ್ಲಿ, ಸಂದೇಶವು ನಮ್ಮ ಹತೋಟಿಯ ಹೊರಗಿನ ವ್ಯವಸ್ಥೆಯನ್ನು ಹೊಕ್ಕಾಗಲೇ ರವಾನೆ, ಸ್ವೀಕರಿಸುವವರು ಗೊತ್ತುಪಡಿಸಿದ ವ್ಯವಸ್ಥೆಯನ್ನು ಹೊಕ್ಕಾಗಲೇ ಸ್ವೀಕೃತಿ. ಇದನ್ನು ತೋರಿಸಬಲ್ಲದ್ದು ಲಾಗ್. ಸಮಯ, ಕಳುಹಿಸಿದವರು, ವಿಳಾಸದಾರರು, ಎದುರು ಸರ್ವರಿನ ಉತ್ತರ ಇವೆಲ್ಲ ಅದರಲ್ಲಿರುತ್ತವೆ. ಉತ್ತರ 250 ಎಂದಿದ್ದರೆ ಎದುರು ಸರ್ವರ್ ಅಂಗೀಕರಿಸಿದೆ. 4ರಿಂದ ಆರಂಭವಾದರೆ ತಾತ್ಕಾಲಿಕ ತಡೆ. 5ರಿಂದ ಆರಂಭವಾದರೆ ತಿರಸ್ಕಾರ. ಪತ್ರವನ್ನು ಓದಿದರೆಂಬುದಕ್ಕೆ ಮಾತ್ರ ಇದು ಸಾಕ್ಷಿಯಲ್ಲ.

ತೊಡಕಿರುವುದು ಉಳಿಕೆಯ ಅವಧಿಯಲ್ಲಿ. ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರಿನಲ್ಲಿ ನಾವಾಗಿ ಬದಲಿಸದಿದ್ದರೆ ಈ ದಾಖಲೆ 30 ದಿನ ಮಾತ್ರ ಉಳಿಯುತ್ತದೆ. ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನವು ಲಾಗ್‌ಗಳನ್ನು 180 ದಿನ ಇಡಬೇಕೆನ್ನುತ್ತದೆ. ಆದರೆ ಬಾಕಿ ವಸೂಲಿಯ ದಾವೆಗೆ ಕಾಲಮಿತಿ ಸಾಮಾನ್ಯವಾಗಿ 3 ವರ್ಷ. ಆದ್ದರಿಂದ ಕನಿಷ್ಠ 3 ವರ್ಷ, ವಿವಾದವಿದ್ದಲ್ಲಿ ಅದು ಇತ್ಯರ್ಥವಾಗುವವರೆಗೆ, ಲಾಗ್ ಉಳಿಸಬೇಕೆಂಬುದು ನನ್ನ ಅಭಿಪ್ರಾಯ. ಅದರಲ್ಲಿ ಪತ್ರದ ಒಡಲಾಗಲಿ ಲಗತ್ತಾಗಲಿ ಇರುವುದಿಲ್ಲವಾದ್ದರಿಂದ ಸ್ಥಳವಾಗಲಿ ವೆಚ್ಚವಾಗಲಿ ದೊಡ್ಡದಲ್ಲ.

ಇನ್ನೂ ಎರಡು ಮಾತು. ಸ್ವೀಕರಿಸುವ ಇ-ಮೇಲ್ ವಿಳಾಸವನ್ನು ಖರೀದಿ ಆದೇಶದಲ್ಲೇ ನಮೂದಿಸಿರಿ. ಲಾಗ್‌ನ ಹೊಣೆಯನ್ನು ಒಬ್ಬ ನಿರ್ದಿಷ್ಟ ವ್ಯಕ್ತಿಗೆ ವಹಿಸಿರಿ. ಏಕೆಂದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ, ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಅದರ ಉಸ್ತುವಾರಿ ಹೊತ್ತವರ ಹಾಗೂ ತಜ್ಞರ ಪ್ರಮಾಣಪತ್ರ ಬೇಕು.

ವೋಚರ್ ಇಲ್ಲದ ಖರ್ಚನ್ನು ಯಾವ ಲೆಕ್ಕಪರಿಶೋಧಕನೂ ಸುಲಭವಾಗಿ ಒಪ್ಪುವುದಿಲ್ಲ. ನಾವು ಕಳುಹಿಸುವ ಪತ್ರಗಳಿಗೂ ಅದೇ ಶಿಸ್ತು ಬೇಕು. ನಮ್ಮ ಲಾಗ್ ಎಷ್ಟು ದಿನ ಉಳಿಯುತ್ತದೆಂದು ಸರ್ವರ್ ನೋಡಿಕೊಳ್ಳುವವರನ್ನು ಸದಸ್ಯ ಮಿತ್ರರು ಈ ವಾರವೇ ಕೇಳಲಿ.